ಫಿಲಡೆಲ್ಫಿಯಾದಲ್ಲಿ ಒಳ್ಳೆಯ ಚೀಸ್‌ಸ್ಟೇಕ್ ಹುಡುಕುವುದು ಹೇಗೆ?

ಫಿಲಡೆಲ್ಫಿಯಾದಲ್ಲಿ ಯಾರನ್ನಾದರೂ ನಿಲ್ಲಿಸಿ, ಒಳ್ಳೆಯ ಚೀಸ್‌ಸ್ಟೇಕ್, ಅಂದರೆ ದನದ ಮಾಂಸ ಮತ್ತು ಚೀಸ್ ತುಂಬಿದ ಈ ಊರಿನ ಸ್ಯಾಂಡ್‌ವಿಚ್, ಎಲ್ಲಿ ಸಿಗುತ್ತದೆ ಅಂತ ಕೇಳಿ ನೋಡಿ. ಟ್ಯಾಕ್ಸಿ ಓಡಿಸುವವರು ಒಂದು ಅಂಗಡಿ ಹೇಳುತ್ತಾರೆ. ಆಫೀಸಿನ ಸೆಕ್ಯೂರಿಟಿಯವರು ಅದನ್ನು ಕೇಳಿ ನಗುತ್ತಾರೆ, ತಮ್ಮ ಬೀದಿಯ ಅಂಗಡಿಯ ಹೆಸರು ಹೇಳುತ್ತಾರೆ. ದಾವಣಗೆರೆಯವರ ಮುಂದೆ ಬೆಣ್ಣೆದೋಸೆ ಹೋಟೆಲಿನ ಮಾತೆತ್ತಿದ ಹಾಗೆಯೇ, ಒಬ್ಬರ ಮಾತು ಇನ್ನೊಬ್ಬರು ಒಪ್ಪುವುದಿಲ್ಲ. ಹಾಗಾಗಿ ಬೇರೆಯವರ ಪಟ್ಟಿ ಹಿಡಿದು ಹೋಗುವುದಕ್ಕಿಂತ ನೀವೇ ನಾಲ್ಕೈದು ಅಂಗಡಿ ಸುತ್ತಿ ನೋಡುವುದು ವಾಸಿ.

ಆದರೆ ಸುಮ್ನೆ ಸುತ್ತಿ ತಿಂದರೆ ಹೋಲಿಕೆ ಆಗುವುದಿಲ್ಲ. ಒಂದು ಕಡೆ ಅಣಬೆ ಹಾಕಿಸಿಕೊಂಡಿರುತ್ತೀರಿ, ಇನ್ನೊಂದು ಕಡೆ ಖಾರದ ಮೆಣಸಿನಕಾಯಿ. ಮೂರನೆಯದನ್ನು ಕಾರಿನಲ್ಲಿ ಇಟ್ಟುಕೊಂಡು ಮನೆಗೆ ತಂದು, ಆರಿದ ಮೇಲೆ ತಿಂದಿರುತ್ತೀರಿ. ಆಮೇಲೆ ಯಾವುದು ಚೆನ್ನಾಗಿತ್ತು ಅಂದರೆ ಹೊಟ್ಟೆ ಹೆಚ್ಚು ಹಸಿದಿದ್ದಾಗ ತಿಂದದ್ದೇ ಚೆನ್ನಾಗಿತ್ತು ಅನ್ನಿಸುತ್ತದೆ. ಅದಕ್ಕೇ ಒಂದು ಕ್ರಮ ಬೇಕು. ಫಿಲಡೆಲ್ಫಿಯಾ ಸುತ್ತಲಿನ ಎಕ್ಸ್‌ಟನ್, ಕಿಂಗ್ ಆಫ್ ಪ್ರಷ್ಯಾ, ಚೆರ್ರಿ ಹಿಲ್ ಕಡೆ ಇರುವ ನಮ್ಮವರಿಗೂ, ಬೇಸಿಗೆಯಲ್ಲಿ ಊರಿಂದ ಬರುವ ನೆಂಟರನ್ನು ಸುತ್ತಿಸಬೇಕಾದವರಿಗೂ ಇದು ಉಪಯೋಗಕ್ಕೆ ಬಂದೀತು.

ತಿನ್ನುವ ಮುಂಚೆ ಇಷ್ಟು ಗೊತ್ತಿರಲಿ

ಚೀಸ್‌ಸ್ಟೇಕ್ ಅಂದರೆ ದೊಡ್ಡ ಅಡುಗೆ ಏನಲ್ಲ. ತೆಳ್ಳಗೆ ಹೆಚ್ಚಿದ ದನದ ಮಾಂಸವನ್ನು ಬಿಸಿ ಕಾವಲಿಯ ಮೇಲೆ ಬೇಯಿಸಿ, ಉದ್ದನೆಯ ಇಟಾಲಿಯನ್ ಬ್ರೆಡ್ ರೋಲ್‌ನಲ್ಲಿ ತುಂಬಿ, ಚೀಸ್ ಕರಗಿಸಿ ಕೊಡುತ್ತಾರೆ. ಬೇಕಾದವರಿಗೆ ಹುರಿದ ಈರುಳ್ಳಿ. 1930ರಲ್ಲಿ ಸೌತ್ ಫಿಲಡೆಲ್ಫಿಯಾದಲ್ಲಿ ಹಾಟ್‌ಡಾಗ್ ಮಾರುತ್ತಿದ್ದ ಪ್ಯಾಟ್ ಒಲಿವಿಯೆರಿ ಮತ್ತು ಅವರ ತಮ್ಮ ಹ್ಯಾರಿ ಇದನ್ನು ಶುರು ಮಾಡಿದರು. ತಮಗಾಗಿ ಮಾಡಿಕೊಂಡ ಸ್ಯಾಂಡ್‌ವಿಚ್‌ನ ವಾಸನೆ ಹಿಡಿದು ಒಬ್ಬ ಟ್ಯಾಕ್ಸಿ ಡ್ರೈವರ್ ತನಗೂ ಒಂದು ಕೊಡಿ ಅಂದನಂತೆ. ಕಥೆ ಎಷ್ಟು ನಿಜವೋ, ಅಂಗಡಿ ಮಾತ್ರ ಇಂದಿಗೂ ಇದೆ: ಪ್ಯಾಟ್ಸ್ ಕಿಂಗ್ ಆಫ್ ಸ್ಟೇಕ್ಸ್.

ಆಗ ಅದರಲ್ಲಿ ಚೀಸ್ ಇರಲಿಲ್ಲ. ಚೀಸ್ ಸೇರಿದ್ದು ಆಮೇಲೆ. ಈಗ ಎಲ್ಲರೂ ಹೇಳುವ ಚೀಜ್ ವಿಜ್, ಅಂದರೆ ಡಬ್ಬಿಯಲ್ಲಿ ಬರುವ ಕಿತ್ತಳೆ ಬಣ್ಣದ ದ್ರವದಂಥ ಚೀಸ್, ಕ್ರಾಫ್ಟ್ ಕಂಪನಿ ಹೊರತಂದದ್ದೇ 1950ರ ದಶಕದ ಆರಂಭದಲ್ಲಿ. ಹಾಗಾಗಿ ವಿಜ್ ಹಾಕದಿದ್ದರೆ ಅಸಲಿ ಚೀಸ್‌ಸ್ಟೇಕ್ ಅಲ್ಲ ಅಂತ ಯಾರಾದರೂ ಗದರಿದರೆ ಹೆದರಬೇಡಿ. ಇಟಲಿ ಮೂಲದ ಪ್ರೊವೊಲೋನ್ ಚೀಸ್, ಅಮೆರಿಕನ್ ಚೀಸ್ ಎರಡೂ ಬಹಳ ಕಾಲದಿಂದ ನಡೆದುಬಂದವೇ. ಈಚೆಗೆ ಒಳ್ಳೆಯ ಅಂಗಡಿಗಳಲ್ಲಿ ಕೂಪರ್ ಶಾರ್ಪ್ ಎಂಬ, ಸ್ವಲ್ಪ ಹುಳಿ ಹೆಚ್ಚಿರುವ ಅಮೆರಿಕನ್ ಚೀಸ್ ಜಾಸ್ತಿ ಓಡುತ್ತಿದೆ. ಸ್ವಿಸ್ ಚೀಸ್ ಮಾತ್ರ ಕೇಳಬೇಡಿ. 2003ರಲ್ಲಿ ಅಧ್ಯಕ್ಷ ಚುನಾವಣೆಗೆ ಓಡಾಡುತ್ತಿದ್ದ ಜಾನ್ ಕೆರ್ರಿ ಅದನ್ನು ಕೇಳಿ ಊರೆಲ್ಲ ನಗುವಂತೆ ಆಯಿತು.

ಅಂಗಡಿಗಳನ್ನು ದಿಕ್ಕು ನೋಡಿ ಗುಂಪು ಮಾಡಿ

ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ಅಂಗಡಿ ಬೇಡ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ, ಪಾಪ ಆ ಅಂಗಡಿಗೆ ಅನ್ಯಾಯ. ಹತ್ತಿರ ಹತ್ತಿರ ಇರುವುದನ್ನು ಒಂದು ದಿನಕ್ಕೆ ಇಟ್ಟುಕೊಳ್ಳಿ.

ಮೊದಲ ಗುಂಪು ಸೌತ್ ಫಿಲಡೆಲ್ಫಿಯಾದ ಇಟಾಲಿಯನ್ ಮಾರ್ಕೆಟ್ ಸುತ್ತಮುತ್ತ. 9ನೇ ಬೀದಿ ಮತ್ತು ಪ್ಯಾಶಂಕ್ ಅವೆನ್ಯೂ ಕೂಡುವ ಕಡೆ ಪ್ಯಾಟ್ಸ್ ಇದೆ. ಅದರ ಎದುರಿಗೇ 1966ರಲ್ಲಿ ಜೋಯಿ ವೆಂಟೊ ಶುರು ಮಾಡಿದ ಜಿನೋಸ್, ನಿಯಾನ್ ದೀಪಗಳಿಂದ ಜಗಮಗ ಅನ್ನುತ್ತದೆ. ತಡರಾತ್ರಿಯಲ್ಲೂ ಇಲ್ಲಿ ಜನ ಇರುತ್ತಾರೆ. ಅದೇ 9ನೇ ಬೀದಿಯಲ್ಲಿ ಉತ್ತರಕ್ಕೆ ಮಾರ್ಕೆಟ್ ದಾಟಿಕೊಂಡು ನಡೆದರೆ ಆಂಜೆಲೋಸ್ ಪಿಜ್ಜೇರಿಯಾ. ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ನಿಂದ 2019ರಲ್ಲಿ ಇಲ್ಲಿಗೆ ಬಂದ ಅಂಗಡಿ. ಇಲ್ಲಿ ಕೂರಲು ಜಾಗ ಇಲ್ಲ, ಕ್ಯೂ ಉದ್ದ. ಇನ್ನೂ ನಡೆಯುವ ಶಕ್ತಿ ಇದ್ದರೆ ಸೌತ್ ಸ್ಟ್ರೀಟ್ ಮತ್ತು 4ನೇ ಬೀದಿಯ ಮೂಲೆಯಲ್ಲಿ ಜಿಮ್ಸ್. ಅಲ್ಲಿ 1976ರಿಂದ ಇರುವ ಅಂಗಡಿ 2022ರ ಜುಲೈನಲ್ಲಿ ಬೆಂಕಿಗೆ ಸಿಕ್ಕಿ, 2024ರಲ್ಲಿ ಮತ್ತೆ ತೆರೆಯಿತು. ನ್ಯೂಜೆರ್ಸಿ ಕಡೆಯಿಂದ ಬರುವವರು ಪ್ಯಾಟ್ಕೊ ರೈಲು ಹತ್ತಿ 9–10ನೇ ಬೀದಿ ಮತ್ತು ಲೋಕಸ್ಟ್ ಸ್ಟೇಷನ್‌ನಲ್ಲಿ ಇಳಿದರೆ ಈ ಗುಂಪಿನ ಯಾವ ಅಂಗಡಿಗೂ ಕಾಲ್ನಡಿಗೆಯಲ್ಲೇ ಹೋಗಬಹುದು. ಪಾರ್ಕಿಂಗ್ ಹುಡುಕುವ ತಲೆನೋವು ಇಲ್ಲ. ಮಧ್ಯೆ ನಡೆಯುವುದು ಹೊಟ್ಟೆಗೂ ಒಳ್ಳೆಯದು.

ಎರಡನೆಯ ಗುಂಪಿಗೆ ಕಾರು ಬೇಕು. ಡೆಲವೇರ್ ನದಿಯ ಕಡೆ, ಸ್ನೈಡರ್ ಅವೆನ್ಯೂ ಕೊನೆಯಲ್ಲಿ ಜಾನ್ಸ್ ರೋಸ್ಟ್ ಪೋರ್ಕ್. ಇದೂ 1930ರದ್ದೇ. ಹೆಸರು ಹಂದಿಮಾಂಸದ್ದು, ಆದರೆ ಚೀಸ್‌ಸ್ಟೇಕ್‌ಗೂ ಅಷ್ಟೇ ಹೆಸರು. 2006ರಲ್ಲಿ ಅಮೆರಿಕದ ಅಡುಗೆ ಲೋಕದಲ್ಲಿ ಹೆಸರಾದ ಜೇಮ್ಸ್ ಬಿಯರ್ಡ್ ಫೌಂಡೇಶನ್ ಇದಕ್ಕೆ ಪ್ರಶಸ್ತಿ ಕೊಟ್ಟಿದೆ. ಇದು ಕೆಲಸಗಾರರ ಮಧ್ಯಾಹ್ನದ ಊಟದ ಜಾಗವಾಗಿ ಬೆಳೆದ ಅಂಗಡಿ. ಬೇಗ ಬಾಗಿಲು ಹಾಕುತ್ತಾರೆ, ಭಾನುವಾರ ರಜ. ನಮ್ಮವರು ಹೊರಡುವುದೇ ಭಾನುವಾರ ಮಧ್ಯಾಹ್ನ ಅಲ್ವಾ, ಅದಕ್ಕೇ ಹೇಳುತ್ತಿದ್ದೇನೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಆರೆಗನ್ ಅವೆನ್ಯೂನಲ್ಲಿ ಹೈವೇ ಹತ್ತಿರ ಟೋನಿ ಲೂಕ್ಸ್.

ಉಳಿದವು ಒಂದೊಂದು ಮೂಲೆಯಲ್ಲಿವೆ. ವಾಯವ್ಯಕ್ಕೆ ರಾಕ್ಸ್‌ಬರೋದ ಹೆನ್ರಿ ಅವೆನ್ಯೂನಲ್ಲಿ ಡಲೆಸ್ಸಾಂಡ್ರೋಸ್. ಈಶಾನ್ಯಕ್ಕೆ ಬಸಲ್‌ಟನ್ ಅವೆನ್ಯೂನಲ್ಲಿ ಸ್ಟೀವ್ಸ್ ಪ್ರಿನ್ಸ್ ಆಫ್ ಸ್ಟೇಕ್ಸ್. ಇವೆರಡನ್ನೂ ನೋಡುವುದು ಯಾಕೆ ಮುಖ್ಯ ಅಂದರೆ ಇವು ಎರಡು ಬೇರೆ ಬೇರೆ ಮನೆತನ. ಡಲೆಸ್ಸಾಂಡ್ರೋಸ್‌ನಲ್ಲಿ ಮಾಂಸವನ್ನು ಕಾವಲಿಯ ಮೇಲೇ ಸಣ್ಣಗೆ ಕೊಚ್ಚುತ್ತಾರೆ. ಸ್ಟೀವ್ಸ್‌ನಲ್ಲಿ ಅಗಲವಾದ ಹಾಳೆಗಳ ಹಾಗೇ ಬಿಡುತ್ತಾರೆ. ಕೊಚ್ಚಿದ್ದು ಇಷ್ಟವೋ ಹಾಳೆ ಇಷ್ಟವೋ ಅನ್ನುವುದು ಮೊದಲೇ ಗೊತ್ತಾದರೆ ಅರ್ಧ ಹುಡುಕಾಟ ಮುಗಿದ ಹಾಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಎಲ್ಲ ಕಡೆ ಒಂದೇ ಆರ್ಡರ್

ಇದು ಮುರಿಯಬಾರದ ನಿಯಮ. ಮಾಂಸ, ಒಂದು ಚೀಸ್, ಹುರಿದ ಈರುಳ್ಳಿ. ಅಷ್ಟೇ. ಅಣಬೆ ಬೇಡ, ಟೊಮ್ಯಾಟೊ ಸಾಸ್ ಬೇಡ, ಲೆಟ್ಯೂಸ್ ಬೇಡ, ಮೆಣಸಿನಕಾಯಿಯೂ ಬೇಡ. ನಮ್ಮ ನಾಲಿಗೆಗೆ ಖಾರ ಇಲ್ಲದೆ ಸಪ್ಪೆ ಅನ್ನಿಸುತ್ತದೆ, ನಿಜ. ಆದರೆ ಉಪ್ಪಿನಕಾಯಿ ಹಾಕಿದ ಚೆರ್ರಿ ಮೆಣಸು ಬಿದ್ದರೆ ಕೆಟ್ಟ ಮಾಂಸವೂ ರುಚಿಯಾಗುತ್ತದೆ. ಮೊದಲ ಅರ್ಧ ಹಾಗೇ ತಿನ್ನಿ, ಮಾರ್ಕು ಹಾಕಿ. ಉಳಿದ ಅರ್ಧಕ್ಕೆ ಏನು ಬೇಕಾದರೂ ಸೇರಿಸಿಕೊಳ್ಳಿ.

ಚೀಸ್ ಯಾವುದು? ಹೋಲಿಕೆಗೆ ಅಮೆರಿಕನ್ ವಾಸಿ. ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತದೆ, ಚೆನ್ನಾಗಿ ಕರಗುತ್ತದೆ, ಮಾಂಸದ ರುಚಿ ಮುಚ್ಚುವುದಿಲ್ಲ. ವಿಜ್ ತುಂಬಾ ಉಪ್ಪು, ಎಲ್ಲ ಅಂಗಡಿಯದ್ದೂ ಒಂದೇ ಥರ ಅನ್ನಿಸುವಂತೆ ಮಾಡಿಬಿಡುತ್ತದೆ.

ಹಳೆಯ ಅಂಗಡಿಗಳ ಕಿಟಕಿಯಲ್ಲಿ ಆರ್ಡರ್ ಕೊಡುವ ರೀತಿ ಒಂದಿದೆ. ಮೊದಲು ಚೀಸಿನ ಹೆಸರು, ಆಮೇಲೆ ಈರುಳ್ಳಿ ಬೇಕಾ ಬೇಡವಾ. ‘ಅಮೆರಿಕನ್ ವಿಟ್’ ಅಂದರೆ ಈರುಳ್ಳಿ ಸಮೇತ, ‘ಅಮೆರಿಕನ್ ವಿಟ್‌ಔಟ್’ ಅಂದರೆ ಈರುಳ್ಳಿ ಬಿಟ್ಟು. ಹಿಂದೆ ಇಪ್ಪತ್ತು ಜನ ನಿಂತಿರುವಾಗ ‘ನಿಮ್ಮಲ್ಲಿ ಏನೇನಿದೆ’ ಅಂತ ಶುರು ಮಾಡಬೇಡಿ. ಕ್ಯೂನಲ್ಲೇ ತೀರ್ಮಾನ ಮಾಡಿಕೊಳ್ಳಿ, ದುಡ್ಡು ಕೈಯಲ್ಲಿ ಇರಲಿ. ಕೆಲವು ಹಳೆಯ ಅಂಗಡಿಗಳಲ್ಲಿ ಕ್ಯಾಶ್ ಮಾತ್ರ ನಡೆಯುತ್ತದೆ, ಆದ್ದರಿಂದ ಜೇಬಿನಲ್ಲಿ ನೋಟು ಇಟ್ಟುಕೊಂಡೇ ಹೊರಡಿ. ಬೋರ್ಡಿನ ಬೆಲೆಯ ಮೇಲೆ 8% ಟ್ಯಾಕ್ಸ್ ಬೀಳುತ್ತದೆ. ಸೋಡಾ ತೆಗೆದುಕೊಂಡರೆ ಅದೂ ತುಟ್ಟಿ, ಯಾಕೆಂದರೆ 2017ರಿಂದ ಈ ಊರಿನಲ್ಲಿ ಸಿಹಿ ಪಾನೀಯಕ್ಕೆ ಔನ್ಸಿಗೆ ಒಂದೂವರೆ ಸೆಂಟ್ ತೆರಿಗೆ ಇದೆ. ಹೋಲಿಕೆಯ ದಿನ ನೀರೇ ಸಾಕು, ನಾಲಿಗೆಯೂ ಶುದ್ಧವಾಗಿರುತ್ತದೆ.

ಮೂರು ನಾಲ್ಕು ಜನ ಸೇರಿ ಹೋಗಿ. ಅಂಗಡಿಗೆ ಒಂದೇ ಸ್ಯಾಂಡ್‌ವಿಚ್ ತೆಗೆದುಕೊಂಡು ಹಂಚಿಕೊಳ್ಳಿ. ಒಬ್ಬರಿಗೆ ಪೂರ್ತಿ ಒಂದು ಅಂದರೆ ಅದೇ ಒಂದು ಊಟ, ಇನ್ನೊಂದು ಅಂಗಡಿಗೆ ಹೋಗುವ ಮಾತೇ ಇಲ್ಲ. ಹಂಚುವಾಗ ತುದಿ ಸಿಕ್ಕವರು ಮಾರ್ಕು ಹಾಕಬಾರದು. ತುದಿಯಲ್ಲಿ ಬ್ರೆಡ್ ಜಾಸ್ತಿ, ಮಾಂಸ ಕಡಿಮೆ ಇರುತ್ತದೆ. ಮುಂದಿನ ಅಂಗಡಿಯಲ್ಲಿ ಅವರಿಗೆ ನಡುವಿನ ತುಂಡು ಕೊಟ್ಟರೆ ಆಯಿತು.

ಕ್ಯೂನಲ್ಲಿ ನಿಂತಾಗ ಕಾವಲಿ ನೋಡಿ

ಫೋನ್ ನೋಡುತ್ತಾ ನಿಲ್ಲಬೇಡಿ. ತಿನ್ನುವ ಮುಂಚೆಯೇ ಅರ್ಧ ವಿಷಯ ಕಾವಲಿಯ ಮೇಲೆ ಕಾಣಿಸುತ್ತದೆ.

ಒಳ್ಳೆಯ ಅಂಗಡಿಯಲ್ಲಿ ಮಾಂಸ ಸಾಮಾನ್ಯವಾಗಿ ರಿಬ್‌ಐ, ಅಂದರೆ ಪಕ್ಕೆಲುಬಿನ ಕಡೆಯ, ನಡುನಡುವೆ ಕೊಬ್ಬಿನ ಗೆರೆ ಇರುವ ಭಾಗ. ಅದನ್ನು ಅರೆಬರೆ ಹೆಪ್ಪುಗಟ್ಟಿಸಿ ಮೆಷಿನ್‌ನಲ್ಲಿ ತೆಳ್ಳಗೆ ಹೆಚ್ಚುತ್ತಾರೆ. ಕಾವಲಿಗೆ ಬಿದ್ದಾಗ ಚರ್ರ್ ಅನ್ನುವ ಸದ್ದು ಬರಬೇಕು, ಅಂಚು ಕಂದಾಗಬೇಕು. ಮಾಂಸದ ಸುತ್ತ ಬೂದು ಬಣ್ಣದ ನೀರು ನಿಂತಿದ್ದರೆ ಕಾವಲಿ ಕಾದಿಲ್ಲ, ಇಲ್ಲವೇ ಒಂದೇ ಸಲ ವಿಪರೀತ ಸುರಿದಿದ್ದಾರೆ. ಅದು ಹುರಿಯುತ್ತಿಲ್ಲ, ಕುದಿಯುತ್ತಿದೆ. ಎಲ್ಲ ಹಾಳೆಯೂ ಅಳತೆ ಹಿಡಿದು ಕತ್ತರಿಸಿದ ಹಾಗೆ ಚೌಕವಾಗಿದ್ದರೆ ಒತ್ತಿ ಮಾಡಿದ ಫ್ರೋಜನ್ ಮಾಂಸ ಅಂತ ಅನುಮಾನ ಪಡಿ.

ಇನ್ನೊಂದು, ಬೇಯಿಸಿ ಬದಿಗೆ ಗುಡ್ಡೆ ಹಾಕಿದ್ದಾರಾ ನೋಡಿ. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಗುಡ್ಡೆ ಐದು ನಿಮಿಷದಲ್ಲಿ ಖಾಲಿಯಾಗುತ್ತದೆ, ತೊಂದರೆ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಜನವೇ ಇಲ್ಲದಾಗ ಅದೇ ಗುಡ್ಡೆ ಕೂತಿದ್ದರೆ ಒಣಗಿರುತ್ತದೆ.

ಆಮೇಲೆ ಚೀಸ್ ಎಲ್ಲಿ ಬೀಳುತ್ತದೆ ಅನ್ನುವುದು. ಚೆನ್ನಾಗಿ ಮಾಡುವವರು ಚೀಸ್ ಹಾಳೆಗಳನ್ನು ಕಾವಲಿಯ ಮೇಲಿನ ಮಾಂಸದ ಮೇಲೇ ಹಾಸುತ್ತಾರೆ. ಅದು ಅಂಚಿನಿಂದ ಜಾರಲು ಶುರುವಾದಾಗ ರೋಲ್ ಬಿಚ್ಚಿ ಬೋರಲು ಹಾಕುತ್ತಾರೆ. ಅರ್ಧ ನಿಮಿಷ ಆ ಹಬೆ ಬ್ರೆಡ್‌ಗೆ ಏರುತ್ತದೆ. ಆಮೇಲೆ ಉದ್ದನೆಯ ಸಟ್ಟುಗವನ್ನು ಕೆಳಗೆ ತೂರಿಸಿ, ಇನ್ನೊಂದು ಕೈಯನ್ನು ರೋಲ್ ಮೇಲಿಟ್ಟು, ಒಂದೇ ಏಟಿಗೆ ಮಗುಚುತ್ತಾರೆ. ಒಂದು ಚೂರೂ ಹೊರಗೆ ಬೀಳುವುದಿಲ್ಲ. ನಾನು ಇದನ್ನು ನೋಡಲೆಂದೇ ಗಾಜಿನ ಪಕ್ಕ ಜಾಗ ಹಿಡಿಯುತ್ತೇನೆ. ವಿಜ್ ಆದರೆ ಲೆಕ್ಕ ಬೇರೆ, ಡಬ್ಬಿಗೆ ಸಟ್ಟುಗ ಅದ್ದಿ ನೇರ ಬ್ರೆಡ್‌ಗೇ ಸವರುತ್ತಾರೆ.

ಬ್ರೆಡ್ಡೇ ಗೆಲ್ಲಿಸುವುದು, ಬ್ರೆಡ್ಡೇ ಸೋಲಿಸುವುದು

ಜನ ಮಾಂಸ, ಚೀಸ್ ಅಂತ ವಾದ ಮಾಡುತ್ತಾರೆ. ನನ್ನ ಪ್ರಕಾರ ಹೆಸರಾಂತ ಅಂಗಡಿಗಳ ನಡುವೆ ಮಾಂಸದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ರೋಲ್‌ನಲ್ಲಿ.

ಹಳೆಯ ಪದ್ಧತಿಯ ರೋಲ್ ಮೆತ್ತಗೆ, ತೆಳುವಾದ ಸಿಪ್ಪೆ. 1904ರಲ್ಲಿ ಶುರುವಾದ ಅಮೊರೊಸೊ ಬೇಕರಿಯ ರೋಲ್ ಈ ಜಾತಿಯದು. ಎಷ್ಟೋ ಅಂಗಡಿಗಳಲ್ಲಿ ಅದೇ ನಡೆಯುತ್ತದೆ. ಇನ್ನೊಂದು ಜಾತಿ ಎಳ್ಳು ಮೆತ್ತಿದ, ಗಟ್ಟಿ ಸಿಪ್ಪೆಯ ರೋಲ್. ಜಾನ್ಸ್‌ನಲ್ಲಿ ಎಳ್ಳಿನದು. ಆಂಜೆಲೋಸ್‌ನವರು ತಾವೇ ಸುಡುತ್ತಾರೆ. ಇಲ್ಲಿನ ನೀರಿನಿಂದಲೇ ಈ ರುಚಿ ಅಂತ ಊರಿನವರು ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಹಿಟ್ಟಿಗೆ ಕೊಟ್ಟ ಸಮಯ, ಅದೇ ದಿನ ಸುಟ್ಟದ್ದಾ ಅನ್ನುವುದು, ಇವೆರಡೇ ಸಾಕು.

ಪರೀಕ್ಷೆ ಹೀಗೆ. ಸ್ಯಾಂಡ್‌ವಿಚ್ ಕೈಗೆ ಬಂದ ತಕ್ಷಣ ಪೇಪರ್ ಬಿಚ್ಚಿ. ಮುಚ್ಚಿಟ್ಟರೆ ಹಬೆಗೆ ಬ್ರೆಡ್ ನೆನೆಯುತ್ತದೆ. ನಡುವೆ ಎತ್ತಿ ಹಿಡಿಯಿರಿ. ಎರಡು ತುದಿಯೂ ಜೋತುಬಿದ್ದರೆ ಒಂದು ಮಾರ್ಕು ಕಳೆಯಿರಿ. ಕಚ್ಚಿ. ಸಿಪ್ಪೆ ಸಣ್ಣಗೆ ಪ್ರತಿಭಟಿಸಿ ಬಿಡಬೇಕು. ಅಂಗುಳು ಗೀರುವಷ್ಟು ಗಟ್ಟಿಯಾಗಿದ್ದರೂ ತಪ್ಪು, ಎಳೆದರೆ ಮಾಂಸವೆಲ್ಲ ಹಿಂದಿನಿಂದ ಜಾರುವಷ್ಟು ನಾರಾಗಿದ್ದರೂ ತಪ್ಪು. ಐದು ನಿಮಿಷ ಬಿಟ್ಟು ಕೆಳಗಿನ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಎಣ್ಣೆ ಇಳಿದು ಅದು ಹರಿದುಹೋಗಿದ್ದರೆ ಆ ರೋಲ್‌ಗೆ ಆ ಮಾಂಸ ಹೊರುವ ತಾಕತ್ತಿಲ್ಲ. ಒಳ್ಳೆಯ ರೋಲ್ ಎಣ್ಣೆ ಕುಡಿದೂ ಗಟ್ಟಿಯಾಗಿ ನಿಲ್ಲುತ್ತದೆ.

ಕೊನೆಯ ತುತ್ತು ಸುಮ್ನೆ ನುಂಗಿಬಿಡಬೇಡಿ, ಗಮನಿಸಿ. ಮೊದಲ ತುತ್ತು ಎಲ್ಲ ಅಂಗಡಿಯದ್ದೂ ಚೆನ್ನಾಗಿರುತ್ತದೆ.

ಮಾರ್ಕು

ಹತ್ತಕ್ಕೆ ಲೆಕ್ಕ ಸಾಕು. ಬ್ರೆಡ್‌ಗೆ 4, ಮಾಂಸಕ್ಕೆ 3, ಚೀಸ್ ಮಾಂಸದೊಳಗೆ ಸೇರಿದೆಯಾ ಇಲ್ಲವೇ ಮೇಲೆ ಬೇರೆಯಾಗಿ ಕೂತಿದೆಯಾ ಅನ್ನುವುದಕ್ಕೆ 2, ಈರುಳ್ಳಿಗೆ 1. ಈರುಳ್ಳಿ ಹಸಿಯಾಗಿದ್ದರೆ ಸೊನ್ನೆ, ಬಂಗಾರದ ಬಣ್ಣ ಬಂದು ಸಿಹಿಯಾಗಿದ್ದರೆ ಪೂರ್ತಿ. ಬೆಲೆ, ಕ್ಯೂ, ಪಾರ್ಕಿಂಗ್, ಕೌಂಟರಿನವರ ಮುಖ ಇವನ್ನೆಲ್ಲ ಪಕ್ಕದಲ್ಲಿ ಬೇರೆ ಬರೆದುಕೊಳ್ಳಿ, ರುಚಿಯ ಜೊತೆ ಬೆರೆಸಬೇಡಿ. ಒಂದೂವರೆ ಗಂಟೆ ಕಾದ ಮೇಲೆ ಮನಸ್ಸು ತಾನಾಗಿ ಒಂದು ಮಾರ್ಕು ಜಾಸ್ತಿ ಹಾಕುತ್ತದೆ, ಕಾದದ್ದು ದಂಡ ಆಗಬಾರದು ನೋಡಿ. ಒಬ್ಬೊಬ್ಬರೂ ತಮ್ಮ ಫೋನಿನಲ್ಲಿ ಗುಟ್ಟಾಗಿ ಬರೆದುಕೊಂಡು ಕೊನೆಗೆ ತೋರಿಸಿ. ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವರ ಮಾತೇ ಎಲ್ಲರದ್ದೂ ಆಗಿಬಿಡುತ್ತದೆ.

ಮುಂದೆ ಬಂದ ಎರಡು ಅಂಗಡಿಗೆ ಇನ್ನೊಮ್ಮೆ ಹೋಗಿ, ಬೇರೆ ಹೊತ್ತಿನಲ್ಲಿ. ಶನಿವಾರ ಮಧ್ಯಾಹ್ನ ಹೋಗಿದ್ದರೆ ಈ ಸಲ ವಾರದ ನಡುವೆ.

ನನ್ನ ಮಾರ್ಕು ಕೇಳುವವರಿಗೆ: ಬ್ರೆಡ್‌ನಲ್ಲಿ ಆಂಜೆಲೋಸ್‌ಗೆ ಸಾಟಿ ಇಲ್ಲ. ಎಲ್ಲ ಸೇರಿಸಿ ನೋಡಿದರೆ ಜಾನ್ಸ್ ಒಂದು ಕೂದಲೆಳೆ ಮುಂದೆ. ಕೊಚ್ಚಿದ ಮಾಂಸದ ಕಡೆಯವರಿಗೆ ಡಲೆಸ್ಸಾಂಡ್ರೋಸ್. ಪ್ಯಾಟ್ಸ್ ಮತ್ತು ಜಿನೋಸ್‌ಗೆ ರಾತ್ರಿ ಹೊತ್ತು ಹೋಗಿ. ಎದುರುಬದುರು ಎರಡರಲ್ಲೂ ಒಂದೊಂದು ತೆಗೆದುಕೊಂಡು, ಹೊರಗಿನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಬಿಸಿಯಾಗಿ ಹೋಲಿಸುವ ಅವಕಾಶ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ದನದ ಮಾಂಸ ತಿನ್ನದವರಿಗೆ

ನಮ್ಮಲ್ಲಿ ಬಹಳ ಜನ ಈ ಗುಂಪಿನವರೇ. ಹಾಗಂತ ಹೊರಗೆ ನಿಲ್ಲಬೇಕಾಗಿಲ್ಲ, ಆದರೆ ಪಟ್ಟಿ ಬೇರೆ ಮಾಡಿಕೊಳ್ಳಿ. ಚಿಕನ್ ಚೀಸ್‌ಸ್ಟೇಕ್ ಈ ಊರಿನದೇ ಪದಾರ್ಥ, ಸೌತ್ ಸ್ಟ್ರೀಟಿನ ಇಶ್ಕಬಿಬಲ್ಸ್ ಅದಕ್ಕೆ ಹೆಸರುವಾಸಿ. ಚಿಕನ್‌ನಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಹಾಗಾಗಿ ಮಾಂಸ ರಸವಾಗಿದೆಯಾ ಅನ್ನುವುದಕ್ಕೆ ಹೆಚ್ಚು ಮಾರ್ಕು ಇಡಿ, ಚೀಸ್ ಕೂಡ ಪ್ರೊವೊಲೋನ್‌ನಂಥ ಗಾಢ ರುಚಿಯದ್ದು ಹೊಂದುತ್ತದೆ. ಸಸ್ಯಾಹಾರಿಗಳಿಗೆ ಗೋಧಿಯ ಅಂಟಿನಿಂದ ಮಾಡುವ ಸೇಟನ್ ಹಾಕಿದ ವೀಗನ್, ಅಂದರೆ ಹಾಲಿನ ಪದಾರ್ಥವೂ ಇಲ್ಲದ, ಸ್ಯಾಂಡ್‌ವಿಚ್ ಹಲವು ಕಡೆ ಸಿಗುತ್ತದೆ, ಅಣಬೆಯದ್ದೂ ಮಾಡುತ್ತಾರೆ.

ಕೇಳಲೇಬೇಕಾದ ಪ್ರಶ್ನೆ ಎರಡು. ಒಂದು, ಕಾವಲಿ ಬೇರೆಯಾ? ಬಹುತೇಕ ಅಂಗಡಿಗಳಲ್ಲಿ ಇರುವುದು ಒಂದೇ ಉದ್ದ ಕಾವಲಿ. ಚಿಕನ್ ಈ ತುದಿ, ಬೀಫ್ ಆ ತುದಿ, ಸಟ್ಟುಗ ಒಂದೇ. ಅದಕ್ಕಿಂತ ಮುಖ್ಯ, ಈರುಳ್ಳಿ. ಅದು ಹುರಿದಿರುವುದು ದನದ ಕೊಬ್ಬು ಹರಿಯುವ ಜಾಗದಲ್ಲೇ. ಚಿಕನ್ ತೆಗೆದುಕೊಂಡೆ, ಸರಿಯಾಯಿತು ಅಂದುಕೊಳ್ಳುವವರು ಈರುಳ್ಳಿಯನ್ನು ಮರೆತುಬಿಡುತ್ತಾರೆ. ಎರಡು, ಚೀಸಿನಲ್ಲಿ ರೆನೆಟ್, ಅಂದರೆ ಹಾಲು ಒಡೆಸಲು ಹಾಕುವ ಪದಾರ್ಥ, ಯಾವುದು? ಇಟಲಿ ಪದ್ಧತಿಯ ಪ್ರೊವೊಲೋನ್‌ನಲ್ಲಿ ಪ್ರಾಣಿಯ ರೆನೆಟ್ ಇರುವ ಸಾಧ್ಯತೆ ಇದೆ. ಕೌಂಟರಿನಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ. ಕಟ್ಟುನಿಟ್ಟಿನವರಾದರೆ ಪೂರ್ತಿ ವೀಗನ್ ಅಡುಗೆಮನೆ ಇರುವ ಜಾಗವನ್ನೇ ಹುಡುಕಿ, ನೆಮ್ಮದಿ.

ನಿಮ್ಮ ಬೀದಿಯ ಪಿಜ್ಜಾ ಅಂಗಡಿ

ಹೆಸರಾಂತ ಅಂಗಡಿ ಸುತ್ತಿದ ಮೇಲೆ ನಿಜವಾದ ಕೆಲಸ ಶುರು. ಪ್ರತಿ ಶುಕ್ರವಾರ ಯಾರೂ ಸೌತ್ ಫಿಲಡೆಲ್ಫಿಯಾಕ್ಕೆ ಹೋಗುವುದಿಲ್ಲ. ಈ ಕಡೆ ಪ್ರತಿ ಬಡಾವಣೆಯಲ್ಲೂ ಒಂದು ಪಿಜ್ಜಾ ಅಂಗಡಿ ಚೀಸ್‌ಸ್ಟೇಕ್ ಮಾಡುತ್ತದೆ. ಅದೇ ಆರ್ಡರ್, ಅದೇ ಮಾರ್ಕು ಪಟ್ಟಿ ಅಲ್ಲಿಗೂ ಹಿಡಿದುಕೊಂಡು ಹೋಗಿ. ಬಾಗಿಲ ಪಕ್ಕ ಬ್ರೆಡ್ ಬಂದ ಕಾಗದದ ಚೀಲ ನಿಲ್ಲಿಸಿರುತ್ತಾರೆ, ಅದರ ಮೇಲೆ ಬೇಕರಿಯ ಹೆಸರು ಇರುತ್ತದೆ. ಯಾವ ಬೇಕರಿ, ದಿನಾ ಬರುತ್ತದಾ ಅಂತ ಕೇಳಿ. ಖುಷಿಯಿಂದ ಹೇಳಿದರೆ ಒಳ್ಳೆಯ ಲಕ್ಷಣ. ಮಾಂಸ ಅಲ್ಲೇ ಹೆಚ್ಚುತ್ತೀರಾ ಅನ್ನುವುದು ಎರಡನೆಯ ಪ್ರಶ್ನೆ. ಹತ್ತಕ್ಕೆ ಏಳು ಬಂದರೆ ಆ ಅಂಗಡಿಯನ್ನು ಬಿಡಬೇಡಿ. ಐದು ನಿಮಿಷದಲ್ಲಿ ಮನೆಗೆ ಬರುವ ಏಳು, ಮುಕ್ಕಾಲು ಗಂಟೆ ಕಾರಿನಲ್ಲಿ ನೆನೆದು ಬರುವ ಒಂಬತ್ತಕ್ಕಿಂತ ಮೇಲು.

ಇನ್ನು ಮಿಕ್ಕಿದ್ದರ ವಿಷಯ. ಇಡೀ ಸ್ಯಾಂಡ್‌ವಿಚ್ ಮೈಕ್ರೋವೇವ್‌ಗೆ ಹಾಕಬೇಡಿ, ಬ್ರೆಡ್ ಮೊದಲು ಹಬೆಯಲ್ಲಿ ಮೆತ್ತಗಾಗಿ ಆಮೇಲೆ ರಬ್ಬರ್ ಆಗುತ್ತದೆ. ಒಳಗಿನದನ್ನು ಚಮಚದಲ್ಲಿ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಗೆ ಇಡಿ, ಒಂದು ಚಮಚ ನೀರು ಚಿಮುಕಿಸಿ, ಚೀಸ್ ಮತ್ತೆ ಕರಗುತ್ತದೆ. ರೋಲ್ ಬೇರೆಯಾಗಿ ಓವನ್‌ನಲ್ಲಿ ಐದು ನಿಮಿಷ. ಈಗ ಬೇಕಾದರೆ ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿಕೊಳ್ಳಿ, ಮಾರ್ಕು ಹಾಕುವ ಕೆಲಸ ಮುಗಿದಿದೆ.